ವಿವೇಶಸ್ ಅಂದರೆ ಜಿಂದಾದಿಲ್



ಈ ಸಲ ಒಂದೇ ಒಂದು ಇಂಗ್ಲಿಷ್ ಪದ ಕಲಿಯೋಣ. ಅದು ‘ವಿವೇಶಸ್’. ಇದು ಗುಣವಾಚಕ. ವಿ, ಐ, ವಿ, ಎ, ಸಿ, ಐ, ಓ, ಯು, ಎಸ್ ಎಂದು 9 ಅಕ್ಷರ. ನಡುವಿನ ‘ವೇ’ ಒತ್ತಿ ಹೇಳಬೇಕು.

ಇದಕ್ಕೆ ಕನ್ನಡದಲ್ಲಿ ಲವಲವಿಕೆಯುಳ್ಳ, ಉಲ್ಲಾಸದ ಎಂದು ಅರ್ಥ. ಬಾಯಿಪಾಠ ಮಾಡಬಹುದು, ಆದರೆ ಎಂಥವರಿಗೆ ಹಾಗೆ ಅನ್ನಬೇಕು ಅಂತ ಗೊತ್ತಾಗೋದಿಲ್ಲ. ಮನೆಯಲ್ಲಿ ಉರ್ದು ಮಾತಾಡುವ ನನ್ನ ಗೆಳತಿ ಮಾತ್ರ ತಕ್ಷಣ “ಇದು ನಮ್ಮ ಜಿಂದಾದಿಲ್ ಕಣೇ” ಅಂದಳು. ಆಗ ಸರಿಯಾಗಿ ತಿಳೀತು.

ಜಿಂದಾ ಅಂದರೆ ಬದುಕಿರುವ. ದಿಲ್ ಅಂದರೆ ಹೃದಯ. ಹೃದಯದಲ್ಲಿ ಜೀವ ತುಂಬಿಕೊಂಡಿರೋರು ಅಂತ. ಈ ಜಿಂದಾ ನಮಗೇನೂ ಹೊಸದಲ್ಲ. 1929ರಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಅಸೆಂಬ್ಲಿಯಲ್ಲಿ ‘ಇಂಕ್ವಿಲಾಬ್ ಜಿಂದಾಬಾದ್’ ಎಂದು ಕೂಗಿದರಲ್ಲ, ಅದೇ ಜಿಂದಾ. ಕ್ರಾಂತಿ ಬದುಕಿರಲಿ ಎಂದು ಅದರ ಅರ್ಥ. ವಿವೇಶಸ್ ಕೂಡ ಬದುಕು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಇನ್ನೂ ಆಶ್ಚರ್ಯ ಕೇಳಿ. ಆ ಲ್ಯಾಟಿನ್ ಮಾತು, ಪಾರಸಿಯಿಂದ ಉರ್ದುವಿಗೆ ಬಂದ ಜಿಂದಾ, ಸಂಸ್ಕೃತದಿಂದ ಕನ್ನಡಕ್ಕೆ ಬಂದ ಜೀವ, ಮೂರೂ ಒಂದೇ ಬೇರಿನವು ಎಂದು ಭಾಷಾ ಪಂಡಿತರು ಹೇಳುತ್ತಾರೆ!

ಉಪಯೋಗಿಸುವುದು ಹೀಗೆ: ‘ಶಿ ಈಸ್ ಎ ವಿವೇಶಸ್ ಗರ್ಲ್.’ ಉರ್ದುವಿನಲ್ಲಿ ‘ವೋ ಬಡೀ ಜಿಂದಾದಿಲ್ ಲಡ್ಕೀ ಹೈ.’ ಜಾತ್ರೆ ಜೋರಾಗಿತ್ತು ಅನ್ನೋದಕ್ಕೆ ಈ ಪದ ಬೇಡ, ಅಲ್ಲಿಗೆ ‘ಲೈವ್ಲಿ’ ಸಾಕು. ಕಬಡ್ಡಿ ಗೆದ್ದ ದಿನ ಮಾತ್ರ ಕುಣಿದಾಡಿದವರಿಗೂ ಹೊಂದೋಲ್ಲ. ಇದು ಸ್ವಭಾವ. ನಮ್ಮೂರಿಗೆ ಬಳೆ ಮಾರೋಕೆ ಬರುವ ಅಜ್ಜಿ ಬಸ್ಸು ತಪ್ಪಿ ಬಿಸಿಲಲ್ಲಿ ನಡೆದುಕೊಂಡು ಬಂದರೂ ಜಗಲಿ ಮೇಲೆ ಕೂತವರನ್ನೆಲ್ಲ ನಗಿಸಿಯೇ ಬುಟ್ಟಿ ಇಳಿಸುತ್ತಾರೆ. ಅವರು ಜಿಂದಾದಿಲ್.

ಜಿಂದಾದಿಲ್ ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ. ವಿವೇಶಸ್ ಅನ್ನು ಇಂಗ್ಲಿಷಿನವರು ಹೆಚ್ಚಾಗಿ ಹೆಂಗಸರಿಗೆ, ಹುಡುಗಿಯರಿಗೆ ಹೇಳುತ್ತಾರೆ. ಅದು ಹೊಗಳಿಕೆ! ನಮ್ಮ ಕಡೆ ಹುಡುಗಿ ಜೋರಾಗಿ ನಕ್ಕು ಎಲ್ಲರ ಹತ್ತಿರ ಮಾತಾಡಿದರೆ ಏನಂತಾರೆ? ಬಾಯಿಬಡುಕಿ, ಗಂಡುಬೀರಿ. ಹುಡುಗ ಹಾಗಿದ್ದರೆ ಚುರುಕು ಅಂತಾರೆ. ನನಗಂತೂ ಇದು ಸರಿ ಕಾಣಲ್ಲ.

ಅಂಥ ಹುಡುಗಿಯನ್ನು ಹೊಗಳೋಕೆ ಒಳ್ಳೇ ಕನ್ನಡ ಪದ ಗೊತ್ತಿದ್ದವರು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಅಜ್ಜಿಯರನ್ನು ಕೇಳಿ ಬರೆದರೂ ಆಗುತ್ತೆ.

– 7ನೇ ತರಗತಿ ವಿದ್ಯಾರ್ಥಿನಿ