ಸೊಂಟದಲ್ಲಿ ನರ ಒತ್ತಿದರೆ ಪಾದಕ್ಕೇಕೆ ನೋವು?

ನಮ್ಮ ಯಲಹಂಕದ ಕಡೆ ‘ಸೊಂಟ ಹಿಡ್ಕೊಂಡಿದೆ, ಕಾಲು ಸೆಳೀತಿದೆ’ ಎನ್ನುವವರು ಬೇಕಾದಷ್ಟು ಜನ. ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರು, ಬಗ್ಗಿ ರಾಗಿ ಪೈರು ನೆಡುವವರು, ದಿನವಿಡೀ ಕೂತು ಲಾರಿ ಓಡಿಸುವವರು. ನೋವು ಪಿರ್ರೆಯಲ್ಲಿ ಶುರುವಾಗಿ ತೊಡೆಯ ಹಿಂದೆ ಇಳಿದು ಪಾದದವರೆಗೂ ಹೋಗುತ್ತದೆ. (ಪಿರ್ರೆ ಅಂದ್ರೆ ನಗಬೇಡಿ, ಪೃಷ್ಠ ಅಂದಿದ್ರೆ ಯಾರೂ ನಗ್ತಿರಲಿಲ್ಲ.)

ಡಾಕ್ಟರುಗಳು ಇದನ್ನು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಗೃಧ್ರಸಿ. ಗೃಧ್ರ ಎಂದರೆ ರಣಹದ್ದು. ರೋಗಿ ಹದ್ದಿನ ಹಾಗೆ ಕುಂಟುತ್ತಾ ನಡೆಯುತ್ತಾನೆ ಅಂತ ಈ ಹೆಸರಂತೆ.

ನಮ್ಮ ದೇಹದಲ್ಲೇ ದಪ್ಪನೆಯ ನರ ಇದು, ಹೆಚ್ಚುಕಮ್ಮಿ ಬೆರಳಿನಷ್ಟು. ಬೆನ್ನುಮೂಳೆಯ ಕೆಳಭಾಗದಿಂದ ಬಂದ ಐದು ಬೇರು ಸೇರಿ ಒಂದಾಗಿ, ಪಿರ್ರೆಯೊಳಗೆ ನುಗ್ಗಿ ಕಾಲಿಗೆ ಇಳಿಯುತ್ತದೆ. ಒತ್ತೋದು ಮೇಲೆ, ನೋವು ಕೆಳಗೆ, ಅದು ಹೇಗೆ? ಮೊಣಕೈ ಗಂಟು ಬಾಗಿಲಿಗೆ ತಗುಲಿದಾಗ ಕಿರುಬೆರಳು ಜುಮ್ಮೆನ್ನುತ್ತದಲ್ಲ, ಹಾಗೇ. ನರ ಎಲ್ಲಿಯ ಸುದ್ದಿ ತರುತ್ತದೋ ಅಲ್ಲೇ ನೋವಾಯಿತು ಅಂತ ಮೆದುಳು ತಿಳಿಯುತ್ತದೆ.

ಹೆಚ್ಚಾಗಿ ಒತ್ತುವುದು ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕು. ಒಬ್ಬಟ್ಟು ಅದುಮಿದರೆ ಹೂರಣ ಈಚೆ ಬರುವಂತೆ ಅದರ ತಿರುಳು ಹೊರಬಂದು ನರದ ಬೇರನ್ನು ಅಮುಕುತ್ತದೆ. ಇದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಡಾಕ್ಟರುಗಳು ತೋರಿಸಿಕೊಟ್ಟರು. ಕೆಲವರಿಗೆ ಮಾತ್ರ ಪಿರ್ರೆಯೊಳಗಿನ ಪಿರಿಫಾರ್ಮಿಸ್ ಎಂಬ ಸ್ನಾಯು ಬಿಗಿದು ನರವನ್ನು ಹಿಡಿಯುತ್ತದೆ. ದಪ್ಪ ಪರ್ಸನ್ನು ಹಿಂದಿನ ಜೇಬಿನಲ್ಲಿಟ್ಟು ಗಂಟೆಗಟ್ಟಲೆ ಕೂತರೂ ಅಲ್ಲಿ ನರ ಒತ್ತಬಹುದು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟ ಬಿಡುತ್ತೆ ಅನ್ನೋದು ಊರಿನ ನಂಬಿಕೆ. ನಾನು ಹಾಗೆ ಹುಟ್ಟಿದವಳು. ‘ಬಾ ಮಗಾ, ಒಂದ್ಸಲ ಒದ್ದು ಹೋಗು’ ಅಂತ ಅಜ್ಜಿಯರು ಕರೀತಾರೆ. ಆಮೇಲೆ ವಾಸಿಯಾಯ್ತು ಅಂದವರೂ ಇದ್ದಾರೆ. ಅದು ನನ್ನ ಕಾಲಿನ ಮಹಿಮೆ ಅಲ್ಲ. ಬಹಳ ಜನಕ್ಕೆ ಈ ನೋವು 6ರಿಂದ 12 ವಾರದಲ್ಲಿ ತಾನಾಗೇ ಇಳಿಯುತ್ತದೆ. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಒದ್ದರೆ ಅದು ಇನ್ನಷ್ಟು ಜರುಗಬಹುದು. ಬರೆ ಹಾಕಿಸಿದರೆ ಚರ್ಮ ಸುಡುತ್ತದೆ ಅಷ್ಟೆ, ಒಳಗಿನ ನರಕ್ಕೆ ಏನೂ ಆಗಲ್ಲ.

ತಿಂಗಳುಗಟ್ಟಲೆ ಮಲಗೋದೂ ಬೇಡ. ಆದಷ್ಟು ಓಡಾಡಿಕೊಂಡಿರಬೇಕು, ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂತು ಎತ್ತಬೇಕು.

ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಗಲುವ ಜಾಗ ಮರಗಟ್ಟಿದರೆ, ನಡೆವಾಗ ಪಾದ ಜೋತುಬಿದ್ದು ಚಪ್ಪಲಿ ಕಳಚಿಕೊಂಡರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು. ತಡವಾದರೆ ಆ ನರಗಳಿಗೆ ಮತ್ತೆ ಶಕ್ತಿ ಬಾರದೇ ಹೋಗಬಹುದು.