ಇಸ್ಮಾಯಿಲ್ ಹೆಸರಿನಲ್ಲಿ ಎಷ್ಟು ಅಕ್ಷರ?

ಕೊಲ್ಹಾರದಲ್ಲಿ ನಮ್ಮ ಅಬ್ಬಾ ಅವರದು ಕಿರಾಣಿ ಅಂಗಡಿ. ಉದ್ರಿ ಲೆಕ್ಕ ಇಡಲು ರಜೆಯಲ್ಲಿ ನಾನು ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಪಟ್ಟಿ ಅಗಲವಾಗಬಾರದೆಂದು ಪ್ರತಿ ಹೆಸರಿನ ಮೊದಲ ನಾಲ್ಕು ಅಕ್ಷರ ಮಾತ್ರ ಇಟ್ಟುಕೊಂಡೆ. ತಿಂಗಳ ಕೊನೆಗೆ ನೋಡಿದರೆ ಇಸ್ಮಾಯಿಲ್ ಚಾಚಾ ಅವರ 640 ರೂಪಾಯಿ ಇಸ್ಮತ್ ಖಾಲಾ ಅವರ ಬಾಕಿಗೆ ಸೇರಿತ್ತು. (ಹೆಸರು ಬದಲಿಸಿದ್ದೇನೆ.) ಖಾಲಾ ಏನೂ ಅನ್ನಲಿಲ್ಲ. ಆದರೆ ಅಬ್ಬಾ ಮರುದಿನವೇ ಹಳೆಯ ಖಾತೆ ಪುಸ್ತಕ ತೆಗೆದರು.

ತಪ್ಪು ಎಲ್ಲಿತ್ತು? ಪೈಥಾನ್‌ನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆದ ಪಠ್ಯಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದು ದಾರಕ್ಕೆ ಪೋಣಿಸಿದ ಮಣಿಗಳಂತೆ. ಮೊದಲ ಮಣಿಯ ಸಂಖ್ಯೆ 1 ಅಲ್ಲ, 0. ಹೆಸರಿನ ಮುಂದೆ [:4] ಎಂದು ಬರೆದರೆ 0ರಿಂದ 3ರವರೆಗಿನ ನಾಲ್ಕು ಮಣಿ ಸಿಗುತ್ತವೆ.

ಇಸ್ಮಾಯಿಲ್ ಹೆಸರನ್ನು ನಾವು ಇ, ಸ್ಮಾ, ಯಿ, ಲ್ ಎಂದು ನಾಲ್ಕಾಗಿ ಎಣಿಸುತ್ತೇವೆ. ಪೈಥಾನ್ ಎಣಿಸುವುದು ಒಂಬತ್ತು: ಇ, ಸ, ಅರ್ಧಾಕ್ಷರದ ಗುರುತು, ಮ, ಇಳಿ, ಯ, ಗುಡಿಸು, ಲ, ಮತ್ತೆ ಅರ್ಧಾಕ್ಷರದ ಗುರುತು. ಏಕೆಂದರೆ ಯುನಿಕೋಡ್‌ನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಸಂಖ್ಯೆಗಳಿವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಹಾಗಾಗಿ ಮೊದಲ ನಾಲ್ಕು ಮಣಿ ಎಂದರೆ 'ಇಸ್ಮ' ಅಷ್ಟೇ. ಇಸ್ಮತ್ ಹೆಸರಿನ ಮೊದಲ ನಾಲ್ಕೂ 'ಇಸ್ಮ'. ಪ್ರೋಗ್ರಾಂ ಇಬ್ಬರನ್ನೂ ಒಬ್ಬರೇ ಎಂದುಕೊಂಡಿತು.

ಇದನ್ನು ಹೇಳಿದಾಗ ಅಮ್ಮಿ ನಕ್ಕರು. "ಉರ್ದುವಿನಲ್ಲಿ ಬರೆದಿದ್ದರೆ ಹೀಗಾಗುತ್ತಿತ್ತೇನು?" ಎಂದರು. ನಿಜ. ಉರ್ದುವಿನಲ್ಲಿ ಇಸ್ಮಾಯಿಲ್ ಅಲಿಫ್‌ನಿಂದ ಶುರುವಾಗುತ್ತದೆ, ಇಸ್ಮತ್ ಐನ್‌ನಿಂದ. ಅಲ್ಲಿ ಇಸ್ಮಾಯಿಲ್‌ಗೆ ಏಳು ಮಣಿ, ಇಸ್ಮತ್‌ಗೆ ನಾಲ್ಕೇ. ಉರ್ದು ಬಲದಿಂದ ಎಡಕ್ಕೆ ಹೋದರೂ ಸ್ಟ್ರಿಂಗ್‌ನಲ್ಲಿ ಮೊದಲು ಓದುವ ಅಕ್ಷರಕ್ಕೇ 0 ಸಂಖ್ಯೆ.

ನಮ್ಮೂರಿನ ಹೆಸರನ್ನೂ ಪರೀಕ್ಷಿಸಿದೆ. 'ಕೊಲ್ಹಾರ' ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್‌ಗೆ ಏಳು. ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು 'ಕೊಲ್'!

ಪರಿಹಾರ ನಮ್ಮ ಅಕೌಂಟೆನ್ಸಿ ಪಾಠದಲ್ಲೇ ಇತ್ತು. ಲೆಡ್ಜರ್‌ನಲ್ಲಿ ಪುಟಸಂಖ್ಯೆ ಇರುವಂತೆ ಈಗ ಪ್ರತಿ ಗಿರಾಕಿಗೂ ಒಂದು ಖಾತೆ ಸಂಖ್ಯೆ ಕೊಟ್ಟಿದ್ದೇನೆ. ಲೆಕ್ಕ ಸೇರುವುದು ಆ ಸಂಖ್ಯೆಗೆ. ಹೆಸರು ಪೂರ್ತಿ ಇರುತ್ತದೆ, ಕತ್ತರಿಸುವುದಿಲ್ಲ. ಅಬ್ಬಾ ಇನ್ನೂ ಖಾತೆ ಪುಸ್ತಕ ಬಿಟ್ಟಿಲ್ಲ. ರಾತ್ರಿ ಅಂಗಡಿ ಮುಚ್ಚುವ ಮೊದಲು ಎರಡನ್ನೂ ತಾಳೆ ನೋಡುತ್ತಾರೆ.

ಗೆಳೆಯರೇ, ಕಂಪ್ಯೂಟರ್ ಲ್ಯಾಬ್‌ಗೆ ಹೋದಾಗ ನಿಮ್ಮ ಹೆಸರಿನ ಉದ್ದವನ್ನೂ ಒಮ್ಮೆ ಎಣಿಸಿ ನೋಡಿ.