ಓಡದ ಕಾರಿನ ಲೆಕ್ಕ



ಪರದೆಯ ಮೇಲೆ ಅಂಕಿಗಳು ಬಂದು ಬೇಗ ಸರಿದುಹೋಗುತ್ತವೆ. ಲೆಕ್ಕದ ವಿಷಯವನ್ನು ಪೆನ್ಸಿಲ್ ಹಿಡಿದು ನಿಧಾನವಾಗಿ ಓದುವುದೇ ಒಳ್ಳೆಯದು. ಆದ್ದರಿಂದ ಒಂದು ಹಳೆಯ ಕಾರನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ತಂದು ನಿಲ್ಲಿಸುತ್ತೇವೆ. ಅದನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂದು ನೀವೇ ತೀರ್ಮಾನಿಸಬೇಕು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ತಂಬೂರ ಎಂಬ ಊರಿದೆ. ಬಸವಣ್ಣ ದೇವರ ಗುಡಿಯಿಂದ ಹೆಸರಾದ ಊರು. ಅಲ್ಲಿ ಒಂದು ರೈತರ ಮನೆ ಇದೆ ಎಂದು ಊಹಿಸಿಕೊಳ್ಳಿ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ 1993ರ ಕಾಂಟೆಸ್ಸಾ ಕಾರು ನಿಂತಿದೆ. ಅಜ್ಜ ಆಸೆಪಟ್ಟು ಕೊಂಡದ್ದು. ಅವರು ತೀರಿಕೊಂಡು ಒಂದು ವರ್ಷವಾಯಿತು. ಈಗ ಕಾರು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೊರಗೆ ಬರುತ್ತದೆ. ಮೊಮ್ಮಗಳು ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿಗೆ ಸೇರಬೇಕಾಗಿದೆ. ಮೊದಲ ವರ್ಷದ ಹಣ ಇನ್ನೂ ಹೊಂದಿಲ್ಲ. ಅಜ್ಜಿಗೆ ಕಾರು ಕೊಡಲು ಮನಸ್ಸಿಲ್ಲ. ಅಪ್ಪನ ಮಾತು ಬೇರೆ: "ಮೂರು ವರ್ಷದ ಹಿಂದ ಇಂಜಿನ್ನಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಹಾಕೇವಿ. ಈಗ ಮಾರೂದಂದ್ರ ಹೆಂಗ?"

ಮೂವರ ಮಾತಿನಲ್ಲೂ ಹುರುಳಿದೆ. ಅದನ್ನು ಬಿಡಿಸಿ ನೋಡೋಣ.

ಇದು ಎಂಥ ಕಾರು?

ಇಂದಿನ ಮಕ್ಕಳಿಗೆ ಕಾಂಟೆಸ್ಸಾ ಎಂದರೆ ಗೊತ್ತಿರಲಿಕ್ಕಿಲ್ಲ. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ 1984ರಲ್ಲಿ ಇದನ್ನು ಹೊರತಂದಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಒಂದು ಹಳೆಯ ಮಾದರಿಯೇ ಇದರ ಮೂಲ. ಮೊದಲು ಅಂಬಾಸಿಡರಿನ ಇಂಜಿನ್ನೇ ಇದಕ್ಕೂ ಇತ್ತು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಇಂಜಿನ್ ಬಂತು. ವಿದೇಶಿ ಕಾರು ಜನಸಾಮಾನ್ಯರ ಕೈಗೆ ಎಟುಕದಿದ್ದ ಆ ದಿನಗಳಲ್ಲಿ ಸಚಿವರು, ಅಧಿಕಾರಿಗಳು, ಉದ್ಯಮಿಗಳು ಓಡಾಡುತ್ತಿದ್ದ ಐಷಾರಾಮಿ ಕಾರು ಇದು. 1991ರ ಆರ್ಥಿಕ ಸುಧಾರಣೆಯ ನಂತರ ಹೊಸ ಹೊಸ ಕಾರುಗಳು ಬಂದವು. 1995ರಿಂದ ಪುಣೆಯಲ್ಲಿ ಮರ್ಸಿಡಿಸ್ ಬೆಂಜ್ ಕೂಡ ತಯಾರಾಗತೊಡಗಿತು. 2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತಿತು.

ತಯಾರಿಕೆ ನಿಂತು ಎರಡು ದಶಕ ದಾಟಿದ ಕಾರಿಗೆ ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಹಳೆಯ ಕಾರುಗಳಿಂದ ಬಿಚ್ಚಿದ್ದು, ಇಲ್ಲವೇ ಹೊಸದಾಗಿ ಮಾಡಿಸಿದ್ದು. ಈ ಸಂಗತಿ ಮುಂದೆ ಲೆಕ್ಕಕ್ಕೆ ಬರುತ್ತದೆ.

ನಿಂತ ಕಾರು ಸವೆಯುವುದಿಲ್ಲವೇ?

"ಓಡಿಸದಿದ್ದರೆ ಸವೆಯುವುದಿಲ್ಲ" ಎಂದು ನಾವು ತಿಳಿಯುತ್ತೇವೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಒಂದು ಮಗು ದೊಡ್ಡದಾದ ಮೇಲೆ ಬಿಚ್ಚಿ ಅಟ್ಟಕ್ಕೇರಿಸಿದರೆ, ಇನ್ನೊಂದು ಮಗು ಹುಟ್ಟುವ ತನಕ ಅದಕ್ಕೆ ಯಾವ ಖರ್ಚೂ ಇಲ್ಲ. ಕಾರು ಹಾಗಲ್ಲ. ಅದರೊಳಗೆ ಆಮ್ಲವಿದೆ, ಎಣ್ಣೆಯಿದೆ, ರಬ್ಬರಿದೆ, ಕಬ್ಬಿಣವಿದೆ. ಇವು ನಿಂತಲ್ಲಿಯೇ ಬದಲಾಗುತ್ತವೆ.

ಬ್ಯಾಟರಿಯನ್ನು ನೋಡಿ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ ಬಳಸದಿದ್ದರೂ ತಾನಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತೆ ಹಿಡಿಯುವುದಿಲ್ಲ.

ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತದೆ. ಆ ಅಂಟು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶದ ಎಲ್ಲೆಡೆ ಹರಡಿತು. ಎಥನಾಲ್ ತೇವವನ್ನು ಹೀರುತ್ತದೆ. 1993ರ ಕಾರಿನ ರಬ್ಬರ್ ಕೊಳವೆಗಳು ಇಂಥ ಇಂಧನಕ್ಕಾಗಿ ಮಾಡಿದವಲ್ಲ.

ಬ್ರೇಕ್ ಎಣ್ಣೆಯೂ ತೇವ ಹೀರುವ ದ್ರವವೇ. ನೀರು ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು; ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಇಲ್ಲಿ ಮುಖ್ಯವಲ್ಲ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3518 ಎಂದಿದ್ದರೆ 2018ರ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಬಿಸಿಲು ಮತ್ತು ಗಾಳಿಗೆ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಮೇಲಿನ ಹಲ್ಲುಗಳು ಹೊಸದರಂತೆ ಕಂಡರೂ ಟಯರ್ ಮುದಿಯಾಗಿರಬಹುದು.

ಇನ್ನು ಹವೆ. ನವಲಗುಂದದ ಒಣ ಬಯಲಿಗಿಂತ ಕಲಘಟಗಿಯ ಕಡೆ ಮಳೆ ಹೆಚ್ಚು, ಅದು ಅರೆಮಲೆನಾಡು. ತಗಡಿನ ಶೆಡ್ಡಿನಲ್ಲಿ ನಿಂತ ಕಾರಿನ ತಳಕ್ಕೆ ತುಕ್ಕು ಹಿಡಿಯಲು ಇಷ್ಟು ತೇವ ಸಾಕು. ಪಕ್ಕದಲ್ಲೇ ಭತ್ತ, ಗೋವಿನಜೋಳದ ಚೀಲಗಳಿದ್ದರೆ ಇಲಿಗಳು ಬಂದೇ ಬರುತ್ತವೆ. ತಂತಿಗಳ ಹೊದಿಕೆಯನ್ನು ಕಡಿಯುತ್ತವೆ.

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅಷ್ಟರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿದಾಗ ಹುಟ್ಟಿದ ನೀರಾವಿ ಹೊಗೆಕೊಳವೆಯಲ್ಲೇ ತಣಿದು ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದೇ ಸರಿಯಾದ ದಾರಿ.

ವರ್ಷದ ಖರ್ಚು ಎಷ್ಟು?

ಅರ್ಥಶಾಸ್ತ್ರದಲ್ಲಿ ನೀವು ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದಿದ್ದೀರಿ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ಹೊಲಕ್ಕೆ ಹೋಗದ ದಿನವೂ ಮೇವು ಹಾಕಬೇಕು; ಇದು ಸ್ಥಿರ ವೆಚ್ಚ. ಕಾರಿಗೂ ಹೀಗೆಯೇ.

ಮೂರನೆಯವರ ಹಾನಿಗೆ ವಿಮೆ ಇಲ್ಲದೆ ವಾಹನವನ್ನು ರಸ್ತೆಗೆ ತರುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. 1500 ಸಿ.ಸಿ. ಮೀರಿದ ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ 7,897 ರೂಪಾಯಿ. ಶೇಕಡಾ 18 ತೆರಿಗೆ ಸೇರಿಸಿದರೆ ಸುಮಾರು 9,300.

ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಪ್ರತಿ 5 ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿತು. ವರ್ಷಕ್ಕೆ ಹಂಚಿದರೆ 2,000.

ಉಳಿದ ಅಂಕಿಗಳನ್ನು ಲೆಕ್ಕಕ್ಕಾಗಿ ನಾವೇ ಇಟ್ಟುಕೊಳ್ಳೋಣ. ಬ್ಯಾಟರಿ 6,000 ರೂಪಾಯಿ, ಮೂರು ವರ್ಷ ಬಾಳಿಕೆ: ವರ್ಷಕ್ಕೆ 2,000. ನಾಲ್ಕು ಟಯರಿಗೆ 20,000, ಎಂಟು ವರ್ಷ ಬಾಳಿಕೆ: ವರ್ಷಕ್ಕೆ 2,500. ಎಣ್ಣೆ, ರಬ್ಬರ್, ಸಣ್ಣಪುಟ್ಟ ರಿಪೇರಿ: 8,000. ಎಲ್ಲ ಕೂಡಿಸಿದರೆ ಸ್ಥಿರ ವೆಚ್ಚ 23,800 ರೂಪಾಯಿ.

ಕಾರು ವರ್ಷಕ್ಕೆ 300 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 8 ಕಿಲೋಮೀಟರ್ ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯಿರಿ. ಪೆಟ್ರೋಲಿಗೆ 3,750. ಒಟ್ಟು 27,550. ಇದನ್ನು 300ರಿಂದ ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 92 ರೂಪಾಯಿ! ಇದೇ ಕಾರು 3,000 ಕಿಲೋಮೀಟರ್ ಓಡಿದ್ದರೆ? 23,800ಕ್ಕೆ ಪೆಟ್ರೋಲಿನ 37,500 ಕೂಡಿ 61,300. ಕಿಲೋಮೀಟರಿಗೆ ಸುಮಾರು 20 ರೂಪಾಯಿ. ಹೆಚ್ಚು ಓಡಿದಾಗ ಒಟ್ಟು ಖರ್ಚು ಏರುತ್ತದೆ, ಕಿಲೋಮೀಟರಿನ ಖರ್ಚು ಇಳಿಯುತ್ತದೆ. ಕಡಿಮೆ ಓಡುವ ಕಾರು ದುಬಾರಿಯಾಗುವ ಗುಟ್ಟು ಇದು.

ಕಾಣದ ಖರ್ಚು

ಇನ್ನೊಂದು ಖರ್ಚು ಚೀಟಿಯಲ್ಲಿ ಕಾಣುವುದಿಲ್ಲ. ಕಾರನ್ನು ಈಗಿನ ಸ್ಥಿತಿಯಲ್ಲಿ ಮಾರಿದರೆ 90,000 ಬರುತ್ತದೆ ಎಂದಿಟ್ಟುಕೊಳ್ಳಿ. ಆ ಹಣವನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 6,300. ಕಾರು ಇಟ್ಟುಕೊಂಡರೆ ಈ ಆದಾಯ ತಪ್ಪುತ್ತದೆ. ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಸೇರಿಸಿದರೆ 33,850.

ಕಾರಿಲ್ಲದಿದ್ದರೂ ಆ 300 ಕಿಲೋಮೀಟರ್ ಹೋಗಲೇಬೇಕಲ್ಲ? ಕಿಲೋಮೀಟರಿಗೆ 15 ರೂಪಾಯಿಯ ಬಾಡಿಗೆ ಕಾರಿಗೆ 4,500 ಆಗುತ್ತದೆ. ಇದನ್ನು ಕಳೆಯಿರಿ: 29,350. ಅಂದರೆ ಅಜ್ಜನ ಕಾರು ಹಿತ್ತಲಿನಲ್ಲಿ ನಿಂತಿರಲಿ ಎನ್ನುವುದಕ್ಕೆ ಈ ಮನೆ ತಿಂಗಳಿಗೆ ಸುಮಾರು 2,450 ರೂಪಾಯಿ ಕೊಡುತ್ತಿದೆ. ಇದು ತಪ್ಪೆಂದು ಲೆಕ್ಕ ಹೇಳುವುದಿಲ್ಲ. ಇಷ್ಟು ಕೊಡುತ್ತಿದ್ದೀರಿ ಎಂದಷ್ಟೇ ಹೇಳುತ್ತದೆ.

ಅಪ್ಪನ ಒಂದು ಲಕ್ಷ ಇಪ್ಪತ್ತು ಸಾವಿರ

ಆ ಹಣ ಖರ್ಚಾಗಿ ಹೋಗಿದೆ. ಕಾರು ಮಾರಿದರೂ ಅದು ಮರಳುವುದಿಲ್ಲ, ಇಟ್ಟುಕೊಂಡರೂ ಮರಳುವುದಿಲ್ಲ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಅಂಕಿ ತೀರ್ಮಾನಕ್ಕೆ ಬೇಕಾಗುವುದಿಲ್ಲ. ಇದು ಮುಳುಗಿದ ವೆಚ್ಚ. ಮಳೆ ಕೈಕೊಟ್ಟ ಹೊಲಕ್ಕೆ ಬೀಜ ಹಾಕಿದ್ದೇವೆಂದು ಮತ್ತೆ ಮತ್ತೆ ಗೊಬ್ಬರ ಸುರಿಯುವ ರೈತನನ್ನು ನೆನೆಯಿರಿ. ಆ ರಿಪೇರಿಯಿಂದ ಇಂಜಿನ್ ಚೆನ್ನಾಗಿದ್ದರೆ ಅದರ ಬೆಲೆ 90,000ದಲ್ಲಿ ಆಗಲೇ ಸೇರಿದೆ.

"ಬಣ್ಣ ಹೊಡೆಸಿ, ಸೀಟು ಬದಲಿಸಿ ಮಾರೋಣ" ಎಂದರೆ? ಆ ಕೆಲಸಕ್ಕೆ 80,000 ಬೇಕು. ಆಮೇಲೆ ಕಾರಿಗೆ 1,50,000 ಬರುತ್ತದೆ ಎಂದುಕೊಳ್ಳಿ. ಹೆಚ್ಚಿದ ಬೆಲೆ 60,000, ಖರ್ಚು 80,000. ಹಾಗೆಯೇ ಮಾರುವುದು ಮೇಲು.

ನಮ್ಮದೆಂಬ ಬೆಲೆ

ಮಾರುವವರಿಗೆ ತಮ್ಮ ವಸ್ತುವಿನ ಬೆಲೆ ಯಾಕೆ ಹೆಚ್ಚೆನಿಸುತ್ತದೆ? 1990ರಲ್ಲಿ ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ ಒಂದು ಪ್ರಯೋಗ ಪ್ರಕಟಿಸಿದರು. ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಲೋಟ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಲೋಟ ಕೈಗೆ ಬಂದು ಕೆಲವೇ ನಿಮಿಷವಾಗಿದ್ದರೂ, ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಕೆಲವು ನಿಮಿಷದ ಲೋಟಕ್ಕೇ ಹೀಗಾದರೆ ಮೂವತ್ತು ವರ್ಷದ ಕಾರಿಗೆ ಹೇಗಿರಬೇಡ! ಆದ್ದರಿಂದ ಬೆಲೆಯನ್ನು ಮನೆಯವರೇ ಕಟ್ಟಬಾರದು. ಬೇರೆ ಬೇರೆ ಕಡೆಯ ಮೂವರನ್ನಾದರೂ ಕೇಳಬೇಕು.

ಅದಕ್ಕೆ ತಿರುಗಿ ಇನ್ನೊಂದು ಪ್ರಶ್ನೆಯನ್ನೂ ಹಾಕಿಕೊಳ್ಳಿ: ಈ ಕಾರು ನಮ್ಮದಾಗಿರದೆ, ಕೈಯಲ್ಲಿ 90,000 ರೂಪಾಯಿ ಇದ್ದಿದ್ದರೆ, ಆ ಹಣ ಕೊಟ್ಟು ಇದನ್ನು ಇವತ್ತು ಕೊಳ್ಳುತ್ತಿದ್ದೆವೇ?

ಕಾಯ್ದರೆ ಬೆಲೆ ಬಾರದೇ?

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದವರು ಈ ಪ್ರಶ್ನೆ ಕೇಳಬಹುದು. 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಲು ವಾಹನಕ್ಕೆ 50 ವರ್ಷ ದಾಟಿರಬೇಕು. ಮೂಲರೂಪ ಹೆಚ್ಚು ಬದಲಾಗಿರಬಾರದು. ನಮ್ಮ ಕಾಂಟೆಸ್ಸಾಗೆ 50 ತುಂಬುವುದು 2043ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಮೇವು ಹಾಕಬೇಕು. ಬೆಲೆ ಏರೀತು ಎಂಬುದು ಆಸೆ, ಖರ್ಚು ಖಚಿತ.

ಮಾರುವುದಾದರೆ ಕಾಗದಪತ್ರ

ಕಾರು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಯಾರೂ ಅದನ್ನು ಕ್ರಮಬದ್ಧವಾಗಿ ಮಾರಲಾರರು. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕೆಂದು ನಿಯಮವಿದೆ. ಈ ಮನೆಯವರು ತಡಮಾಡಿದ್ದಾರೆ. ಮೊದಲು ಅಜ್ಜಿ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪಡೆದು ಆ ಕೆಲಸ ಮುಗಿಸಬೇಕು.

ಆಮೇಲೆ ಮಾರಾಟ. ನಮೂನೆ 29 ಮಾರಿದವರ ತಿಳಿವಳಿಕೆ ಪತ್ರ. ನಮೂನೆ 30 ವರ್ಗಾವಣೆಯ ಅರ್ಜಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ಹಣ ಕೈಗೆ ಬಂತೆಂದು ಸುಮ್ಮನಿರಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಗುಜರಿಗೆ ಕೊಡುವುದಾದರೆ ಸರ್ಕಾರದಲ್ಲಿ ನೋಂದಾಯಿತ ಕೇಂದ್ರಕ್ಕೇ ಕೊಟ್ಟು, ನೋಂದಣಿ ರದ್ದಾದದ್ದನ್ನು ಖಚಿತ ಮಾಡಿಕೊಳ್ಳಿ.

ಅಜ್ಜಿಯ ಮಾತು

ಅಜ್ಜಿಯ ಮನಸ್ಸಿಗೆ ನಾವು ಅಂಕಿ ಕೊಟ್ಟಿಲ್ಲ. ಅಂಕಿ ಇಲ್ಲವೆಂದು ಅದನ್ನು ಸೊನ್ನೆ ಎಂದು ಬರೆಯುವುದು ತಪ್ಪು ಲೆಕ್ಕ. ತಿಂಗಳಿಗೆ 2,450 ರೂಪಾಯಿ ಕೊಟ್ಟರೂ ಸರಿ, ಕಾರು ಇರಲಿ ಎಂದು ಮನೆಯವರೆಲ್ಲ ತಿಳಿದು ಒಪ್ಪಿದರೆ ಅದೂ ಸರಿಯಾದ ತೀರ್ಮಾನವೇ. ಆಗ ಹದಿನೈದು ದಿನಕ್ಕೊಮ್ಮೆ ಅಜ್ಜಿಯನ್ನು ಕೂರಿಸಿಕೊಂಡು ಓಡಿಸಬೇಕು. ಯಾರೂ ಹತ್ತದ, ಯಾರೂ ಒರೆಸದ ಕಾರು ಅಜ್ಜನ ನೆನಪನ್ನೂ ಕಾಯುವುದಿಲ್ಲ. ತುಕ್ಕು ಹಿಡಿದು ಎರಡನ್ನೂ ಕಳೆಯುತ್ತದೆ.

ಆದರೆ ಈ ಮನೆಯಲ್ಲಿ ಮೊಮ್ಮಗಳ ಕಾಲೇಜು ಇದೇ ವರ್ಷ ಆರಂಭವಾಗುತ್ತದೆ. 90,000 ರೂಪಾಯಿ ಈಗ ಬಂದರೆ ಅವಳಿಗೆ ಉಪಯೋಗ. ಹತ್ತು ವರ್ಷದ ನಂತರ ಬಂದರೆ ಅಷ್ಟು ಉಪಯೋಗವಿಲ್ಲ. ಈ ಮಾತನ್ನು ಅಜ್ಜಿಯ ಮುಂದಿಟ್ಟು, ಅವರು ಹೇಳುವುದನ್ನು ಕೇಳಿದ ಮೇಲೆಯೇ ಶೆಡ್ಡಿನ ಬೀಗ ತೆಗೆಯಬೇಕು.

ನೀವೇ ಮಾಡಿ ನೋಡಿ

1. ವರ್ಷಕ್ಕೆ 1,000 ಕಿಲೋಮೀಟರ್ ಓಡಿದರೆ ಈ ಕಾರಿನ ಕಿಲೋಮೀಟರ್ ಖರ್ಚೆಷ್ಟು? ಬಾಡಿಗೆ ಕಾರಿಗಿಂತ ಎಷ್ಟು ಹೆಚ್ಚು?

2. ನಿಮ್ಮ ಮನೆಯಲ್ಲಿ ಅಪರೂಪಕ್ಕೆ ಬಳಸುವ ಒಂದು ವಸ್ತುವನ್ನು ಆರಿಸಿ: ಪಂಪ್‌ಸೆಟ್, ಹೊಲಿಗೆ ಯಂತ್ರ, ಹಳೆಯ ಮೋಟಾರ್ ಸೈಕಲ್. ಅದರ ಸ್ಥಿರ ವೆಚ್ಚ, ಅವಕಾಶ ವೆಚ್ಚ ಬರೆಯಿರಿ. ಮನೆಯ ಹಿರಿಯರಿಗೆ ಓದಿ ಹೇಳಿ. ಅವರು ಅದನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.